ಹತ್ತುಮೀನು ಹತ್ತದ ಹಳ್ಳ

ಮಳೆಗಾಲ ಹಿಡಿಯುವ ಮುಂಚೆ ಅಟ್ಟ ಗುಡಿಸುವುದು ನಮ್ಮ ಮಲೆನಾಡಿನ ಮನೆಗಳ ವಾಡಿಕೆ. ಕಳೆದ ವರ್ಷ ಹೀಗೆ ಗುಡಿಸುವಾಗ ಮೂಲೆಯಿಂದ ಒಂದು ಕೂಣಿ ಹೊರಬಂದಿತು. ಬಿದಿರಿನ ಕಡ್ಡಿಗಳನ್ನು ಬಳ್ಳಿಯಿಂದ ಹೆಣೆದು ಮಾಡಿದ ಮೀನುಬುಟ್ಟಿ ಅದು. ಬಾಯಿ ಅಗಲ, ಬಾಲ ಕಿರಿದು. ಒಳಹೊಕ್ಕ ಮೀನು ಹಿಂದಿರುಗದಂತೆ ಗಂಟಲಲ್ಲಿ ಚೂಪು ಕಡ್ಡಿಗಳನ್ನು ಒಳಮುಖವಾಗಿ ಜೋಡಿಸಿರುತ್ತಾರೆ. ಹೊಗೆ ಕುಡಿದು ಕಪ್ಪಾಗಿ ಕಬ್ಬಿಣದಂತೆ ಗಟ್ಟಿಯಾಗಿತ್ತು. ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ಅದನ್ನು ಹಿಂದು ಮುಂದು ತಿರುಗಿಸಿ ನೋಡಿ, “ಅಜ್ಜಯ್ಯಾ, ಇದನ್ನು ದೀಪದ ಮೇಲೆ ಕವುಚುತ್ತಿದ್ದರೆ?” ಎಂದು ಕೇಳಿದಳು.

ಅವಳ ತಪ್ಪೇನೂ ಇಲ್ಲ. ನಮ್ಮ ಮನೆಯ ಕೆಳಗಿನ ಹಳ್ಳಕ್ಕೆ ಕೂಣಿ ಒಡ್ಡಿ ಇಪ್ಪತ್ತೈದು ವರ್ಷಗಳ ಮೇಲಾಯಿತು. ಒಡ್ಡಿದರೆ ಬೀಳಬೇಕಾದ ಮೀನು ಇಲ್ಲದ ಮೇಲೆ ಒಡ್ಡುವುದಾದರೂ ಏಕೆ? ಆ ಮೀನು ಎಲ್ಲಿಗೆ ಹೋಯಿತು ಎಂಬುದು ಅವಳ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳಿದಷ್ಟು ಸುಲಭವಾಗಿ ಎರಡನೆಯದಕ್ಕೆ ಹೇಳಲು ನನಗಾಗಲಿಲ್ಲ. ಹೇಳಬೇಕಾದರೆ ನೂರೈವತ್ತು ವರ್ಷಗಳ ಹಿಂದಕ್ಕೆ ಹೋಗಬೇಕು. ಕೊನೆಗೆ ನನ್ನ ಕತ್ತಿಯ ಬುಡಕ್ಕೇ ಬರಬೇಕು.

ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು. ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹಿಡಿದು, ಬೇಸಿಗೆಯಲ್ಲಿ ಬತ್ತಿದ ಹಳ್ಳಗಳು ಕೆಂಪಗೆ ತುಂಬಿ ಹೊಳೆಗೆ ಕೂಡಿದೊಡನೆಯೇ, ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಕ್ಕೂ, ಹಳ್ಳದಿಂದ ತೋಡಿಗೂ, ತೋಡಿನಿಂದ ಗದ್ದೆಯ ಬದುವಿನವರೆಗೂ ಹತ್ತಿ ಬರುತ್ತವೆ. ಮೊಟ್ಟೆಯಿಡುವುದಕ್ಕೆ ಅವು ಮಾಡುವ ಪ್ರಯಾಣ ಇದು. ನಾವು ಇವನ್ನು ಹತ್ತುಮೀನು ಎನ್ನುತ್ತೇವೆ. ನಾನು ಹುಡುಗನಾಗಿದ್ದಾಗ, 1960ರ ಹಿಂದುಮುಂದಿನ ವರ್ಷಗಳಲ್ಲಿ, ಮೊದಲ ದೊಡ್ಡ ಮಳೆಯ ರಾತ್ರಿ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಕಂಬಳಿಕೊಪ್ಪೆ ಹಾಕಿ, ದೊಂದಿ ಹಿಡಿದು, ಗಂಡಸರೆಲ್ಲ ಗದ್ದೆಕೋಗಿಗೆ ಇಳಿಯುತ್ತಿದ್ದರು. ಅಜ್ಜಯ್ಯನಿಗೆ ಮಾತ್ರ ಈ ಗಲಾಟೆ ಸೇರದು. ಸಂಜೆಯೇ ಹೋಗಿ ಹಳ್ಳದ ಇರುಕಿನಲ್ಲಿ ಕಲ್ಲು ಸೇರಿಸಿ ಕೂಣಿ ಒಡ್ಡಿ ಬಂದು, ಮಲಗಿ ಗೊರಕೆ ಹೊಡೆಯುತ್ತಿದ್ದರು. ಬೆಳಗ್ಗೆ ಅವರ ಕೂಣಿಯಲ್ಲಿ ಸಿಗುತ್ತಿದ್ದಷ್ಟು ಮೀನು ಉಳಿದವರೆಲ್ಲ ರಾತ್ರಿಯಿಡೀ ನೆನೆದು ತಂದದ್ದಕ್ಕಿಂತ ಹೆಚ್ಚು.

ಆ ಹಳ್ಳದ ರೂಪ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎರಡು ದಂಡೆಗೂ ಹೊಳೆಮತ್ತಿ, ನೇರಳೆ, ಕೆಳಗೆ ವಾಟೆಯ ಮೆಳೆ, ಕೇದಗೆಯ ಪೊದೆ. ಮೇಲೆ ಕೊಂಬೆ ಕೊಂಬೆ ಕೂಡಿ ಚಪ್ಪರ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕಾಲಿಟ್ಟರೂ ನೀರು ಕೊರೆಯುತ್ತಿತ್ತು. ತಳದಲ್ಲಿ ತೊಳೆದಿಟ್ಟಂಥ ಉರುಟು ಕಲ್ಲು. ಆ ಕಲ್ಲುಗಳ ಹೊಟ್ಟೆಗೆ ಅಂಟಿಕೊಂಡು ಪಾಚಿ ಹೆರೆಯುವ, ಬೆರಳುದ್ದದ, ತುಟಿಯ ಕೆಳಗೆ ಬಿಲ್ಲೆಯಿರುವ ಮೀನು. ಮನೆಯಲ್ಲಿ ಅದಕ್ಕೆ ಕಲ್ಲುಮೀನು ಎಂದೇ ಹೆಸರು. ಶಾಸ್ತ್ರಜ್ಞರು ಗಾರಾ ಎನ್ನುತ್ತಾರೆ. ಮರಳಿನಲ್ಲಿ ಹುದುಗಿ ಕೂರುವ ಪಟ್ಟೆಪಟ್ಟೆಯ ಪುಟ್ಟ ಮೀನುಗಳಿದ್ದುವು. ಗುಂಡಿಗಳಲ್ಲಿ ಹಾವುಮೀನು, ಬಂಡೆಯ ಸಂದಿಯಲ್ಲಿ ಏಡಿ. ದೊಡ್ಡ ಮಳೆಯಲ್ಲಿ ತುಂಗೆಯಿಂದ ಮೇಲೆ ಬರುವ ಬಿಳಿಮೀನಿನ ಮರಿಗಳೂ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದುವು. ಶೃಂಗೇರಿಯ ಸೋಪಾನದಲ್ಲಿ ಯಾತ್ರಿಕರು ಪುರಿ ಹಾಕುತ್ತಾರಲ್ಲ, ಆ ದೇವರ ಮೀನಿನ ವಂಶದವು. ಅವನ್ನು ಮಾತ್ರ ಅಜ್ಜಯ್ಯ ಕೂಣಿಯಿಂದ ತೆಗೆದು ನೀರಿಗೆ ಬಿಡುತ್ತಿದ್ದರು.

ಹಳ್ಳದ ದಂಡೆಯಲ್ಲಿ ಕತ್ತಿ ಆಡಿಸಬಾರದೆಂಬುದು ಅಜ್ಜಯ್ಯನ ಇನ್ನೊಂದು ಕಟ್ಟಳೆ. “ನೀರಿನ ನೆರಳು ಕಡೀಬಾರ್ದು ಕಣಾ, ಮತ್ತಿಮರದ ಬುಡದಲ್ಲಿ ಚೌಡಿ ಇದಾಳೆ” ಎನ್ನುತ್ತಿದ್ದರು. ಮೀನಿನ ಮೇಲಿನ ಪ್ರೀತಿಯಿಂದ ಅವರು ಹಾಗೆಂದರು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅವರು ಹೆದರುತ್ತಿದ್ದುದು ಚೌಡಿಗೆ. ಆದರೆ ಚೌಡಿಯ ಭಯದಿಂದ ಉಳಿದ ನೆರಳು ಮೀನಿಗೂ ನೆರಳೇ.

ಇನ್ನು ಚರಿತ್ರೆಗೆ ಬರೋಣ. ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಮೊದಲು ಜೋಡಿಸಿ ಬರೆದವರಲ್ಲಿ ಪ್ರಮುಖನಾದವನು ಜೆರ್ಡನ್ ಎಂಬ ಕಂಪೆನಿ ಸೈನ್ಯದ ವೈದ್ಯ. ಅವನ ಲೇಖನ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ 1849ರಲ್ಲಿ ಬಂದಿತು. ಅವನ ತರುವಾಯ ಬಂದವನು ಫ್ರಾನ್ಸಿಸ್ ಡೇ. ಇವನೂ ವೈದ್ಯನೇ. ಆ ಕಾಲದ ವೈದ್ಯರಿಗೆ ರೋಗಿಗಳಿಗಿಂತ ಮೀನು, ಹಕ್ಕಿ, ಗಿಡಗಳ ಕಡೆಗೆ ಹೆಚ್ಚು ಗಮನವಿತ್ತೋ ಏನೋ! ಡೇ ಮಹಾಶಯ ಸರಕಾರದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆಗಿ ದೇಶವೆಲ್ಲ ಸುತ್ತಿ, 1873ರಲ್ಲಿ ಒಂದು ವರದಿಯನ್ನೂ, 1875ರಿಂದ 1878ರವರೆಗೆ ಭಾಗ ಭಾಗವಾಗಿ ‘ಭಾರತದ ಮೀನುಗಳು’ ಎಂಬ ಮಹಾಗ್ರಂಥವನ್ನೂ ಹೊರತಂದನು. ಹುಲ್ಲು ಮೇಯುವ ನಮ್ಮ ಹರಗಿ ಮೀನನ್ನು 1870ರಲ್ಲಿ ದಕ್ಷಿಣ ಕನ್ನಡದಿಂದ ಶಾಸ್ತ್ರಲೋಕಕ್ಕೆ ಪರಿಚಯ ಮಾಡಿಸಿದವನೂ ಅವನೇ. ಅವನ ಸಂಗ್ರಹದ ದೊಡ್ಡದೊಂದು ಭಾಗ 1883ರಲ್ಲಿ ಮಾರಾಟವಾಗಿ ಆಸ್ಟ್ರೇಲಿಯದ ಸಿಡ್ನಿಯ ಮ್ಯೂಸಿಯಮ್ಮಿಗೆ ಹೋಯಿತು. ಇಂದು ಹರಗಿ ಮೀನು ಹೊಳೆಯಲ್ಲಿ ಸಿಗುವುದು ಅತ್ಯಪರೂಪ.

ಮೂರನೆಯವನು ವೈದ್ಯನಲ್ಲ, ಕಲೆಕ್ಟರ್. ಹೆನ್ರಿ ಸಲಿವನ್ ಥಾಮಸ್ ಎಂದು ಹೆಸರು. ದಕ್ಷಿಣ ಕನ್ನಡದಲ್ಲಿ ಅಧಿಕಾರ ನಡೆಸುತ್ತ, ಬಿಡುವಾದಾಗಲೆಲ್ಲ ಗಾಳ ಹಿಡಿದು ಹೊಳೆಗೆ ಇಳಿಯುತ್ತಿದ್ದ ಈತನು ಆ ಜಿಲ್ಲೆಯ ಮೀನು ಸಾಕಣೆಯ ಕುರಿತು ಬರೆದ ವರದಿ 1870ರಲ್ಲಿ ಅಚ್ಚಾಯಿತು. ಗಾಳದ ಬೇಟೆಯ ಮೇಲೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಮುದ್ರಣವಾಯಿತು. ಘಟ್ಟದ ಹೊಳೆಗಳಲ್ಲಿ ಮೀನು ಕ್ಷೀಣಿಸುತ್ತಿದೆಯೆಂದು ಕೂಗಿ ಹೇಳಿದವರಲ್ಲಿ ಇವನು ಮೊದಲಿಗ. ಕಾರಣ ಯಾವುದೆಂದನು? ಕಾಕಮಾರಿಯಂಥ ಕಾಯಿಗಳನ್ನು ಅರೆದು ನೀರಿಗೆ ಹಾಕುವ ವಿಷ. ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆ. ತೋಡು ತೋಡಿಗೂ ಒಡ್ಡುವ ಬುಟ್ಟಿ. ಎಂದರೆ ನಮ್ಮ ಅಜ್ಜಯ್ಯನ ಅಜ್ಜಂದಿರು ಒಡ್ಡುತ್ತಿದ್ದ ಕೂಣಿಯಂಥವು.

ಥಾಮಸನು ಹೇಳಿದ್ದು ಸುಳ್ಳಲ್ಲ. ವಿಷ ಹಾಕಿದ ಗುಂಡಿಯಲ್ಲಿ ಒಂದು ಮರಿಯೂ ಉಳಿಯದು. ಶಿಶಿಲದ ಕಪಿಲೆಯಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿ ದೇವರ ಮೀನುಗಳ ಮಾರಣಹೋಮ ಮಾಡಿದ್ದನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಆದರೆ ಥಾಮಸನೂ ಡೇಯೂ ಹಾಕಿಕೊಟ್ಟ ದಾರಿಯಲ್ಲಿ ಸರಕಾರದ ಕಣ್ಣು ನೀರೊಳಗಿನ ಕೈಯ ಮೇಲೆಯೇ ನೆಟ್ಟು ನಿಂತಿತು. 1897ರ ನಾಲ್ಕನೆಯ ಕಾಯಿದೆ, ಎಂದರೆ ಭಾರತದ ಮೀನುಗಾರಿಕೆ ಕಾಯಿದೆ, ಓದಿದರೆ ಸಾಕು: ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು ಅಪರಾಧ, ನೀರಿಗೆ ವಿಷ ಬೆರೆಸುವುದು ಅಪರಾಧ, ಕಟ್ಟುಬಲೆ, ಅಡ್ಡಕಟ್ಟೆ, ಬಲೆಯ ಕಣ್ಣಿನ ಅಳತೆ ಇವುಗಳಿಗೆ ಪ್ರಾಂತ ಸರಕಾರಗಳು ನಿಯಮ ಮಾಡಬಹುದು. ನಮ್ಮ ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನಿನ ಸಂರಕ್ಷಣೆಗೆಂದು ತನ್ನದೇ ಒಂದು ರೆಗ್ಯುಲೇಷನ್ ಮಾಡಿಕೊಂಡಿತು. ಹಳ್ಳದ ದಂಡೆಯ ಮರದ ಮಾತು 1897ರ ಆ ಕಾಯಿದೆಯಲ್ಲಿ ಇಲ್ಲ. ಗುಡ್ಡದ ಮೇಲೆ ಆಡುವ ಕೊಡಲಿಗೂ ಗುಂಡಿಯಲ್ಲಿ ಸಾಯುವ ಮೀನಿಗೂ ಸಂಬಂಧವುಂಟೆಂಬುದು ಕಾನೂನಿನ ಮನಸ್ಸಿಗೆ ಹೊಳೆಯಲಿಲ್ಲ.

ಗುಡ್ಡದ ಮೇಲೆ ಆಗ ನಡೆಯುತ್ತಿದ್ದುದೇನು? ಬಡವರು ಕಾಡು ಸುಟ್ಟು ಒಂದೆರಡು ವರ್ಷ ರಾಗಿ ಬಿತ್ತಿ ಮುಂದೆ ಸಾಗುವ ಕುಮರಿ ಬೇಸಾಯ ಘಟ್ಟದುದ್ದಕ್ಕೂ ಇತ್ತು. ಶಿವಮೊಗ್ಗದ ಕಡೆ ಕೆಲಸ ಮಾಡಿ, 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಕನಾದ ಕ್ಲೆಗಾರ್ನ್ ಕುಮರಿಯ ಕಡುವಿರೋಧಿ. 1860ರ ಸುಮಾರಿಗೆ ಅದಕ್ಕೆ ನಿರ್ಬಂಧ ಬಿದ್ದಿತು. ಅದೇ ದಶಕದಲ್ಲಿ ಅದೇ ಘಟ್ಟಗಳಲ್ಲಿ, ಕಂದಾಯ ಕಟ್ಟಿ ಪರವಾನಗಿ ಪಡೆದ ಕಾಫಿ ದೊರೆಗಳು ಕಾನನ್ನು ಬುಡಸಹಿತ ಬೋಳಿಸುತ್ತಿದ್ದರು. ಕೊಡಗಿನಲ್ಲಿ 1854ರಿಂದ ಈಚೆಗೆ ಯುರೋಪಿಯನ್ನರ ತೋಟಗಳು ಒಂದರ ಬೆನ್ನಿಗೊಂದು ಎದ್ದುವು. ಅನೇಕರು ಒಂದು ಮರವನ್ನೂ ಉಳಿಸದೆ ಬಯಲು ಬಿಸಿಲಿನಲ್ಲಿ ಗಿಡ ಹಾಕಿದರು. ಕುಮರಿಯವನ ಹೊಗೆ ಕಂಡ ಅಧಿಕಾರಿಗೆ ತೋಟದವನ ಹೊಗೆ ಅಭಿವೃದ್ಧಿಯಾಗಿ ಕಂಡಿತು.

ಆಗ ಮಧ್ಯೆ ಪ್ರವೇಶಿಸಿದ್ದು ಒಂದು ಹುಳು. 1865ರಿಂದ ಮುಂದೆ ಕೆಲವು ವರ್ಷ ಕೊಡಗಿನ ಬಿಸಿಲುತೋಟಗಳನ್ನು ಬಿಳಿ ಕಾಂಡಕೊರಕ ಹುಳು ಹೊಕ್ಕು ಸಾಲುಸಾಲಾಗಿ ಒಣಗಿಸಿಬಿಟ್ಟಿತು. ನೆರಳಿದ್ದ ತೋಟಗಳು ಬದುಕಿದುವು. ದೊರೆಗಳಿಗೆ ಬುದ್ಧಿ ಬಂದಿತು. ಮರಗಳನ್ನು ಉಳಿಸಿಕೊಂಡು, ಇಲ್ಲದಲ್ಲಿ ನೆಟ್ಟು, ನೆರಳಿನ ಕಾಫಿ ಬೆಳೆಯುವ ಪದ್ಧತಿ ನೆಲೆಗೊಂಡಿತು. ಮೈಸೂರು ಸೀಮೆಯ ತೋಟಗಾರ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಈ ನೆರಳಿನ ಪರವಾಗಿಯೇ ವಿಸ್ತಾರವಾಗಿ ವಾದಿಸುತ್ತಾನೆ. ಮೀನಿನ ಯೋಚನೆ ಯಾರಿಗೂ ಇರಲಿಲ್ಲವಾದರೂ, ಮಲೆನಾಡಿನ ಹಳ್ಳಗಳಿಗೆ ಮುಂದಿನ ನೂರು ವರ್ಷ ಒಂದಿಷ್ಟು ತಂಪು ಉಳಿದದ್ದು ಆ ಕೊರಕ ಹುಳುವಿನ ದಯೆಯಿಂದ ಎಂದರೆ ತಪ್ಪಾಗಲಾರದು. ನಮ್ಮಲ್ಲಿ ಚೌಡಿ ಮಾಡಿದ ಕೆಲಸವನ್ನು ಅಲ್ಲಿ ಹುಳು ಮಾಡಿತು!

ನೆರಳು ಹೋದರೆ ಮೀನು ಹೋಗುವುದು ಹೇಗೆ? ಇದರಲ್ಲಿ ಮಾಯವೇನೂ ಇಲ್ಲ. ನೀರು ತಂಪಾಗಿದ್ದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ. ಕೆರೆಯ ಮೀನಿಗೆ ಇದು ಲೆಕ್ಕಕ್ಕಿಲ್ಲ. ನೊರೆಯುವ ನೀರಿನಲ್ಲಿ ಹುಟ್ಟಿ ಬೆಳೆದ ಹಳ್ಳದ ಮೀನಿಗೆ ಉಸಿರು ಕಟ್ಟುತ್ತದೆ. ಎರಡನೆಯದು ಅನ್ನದ ಮಾತು. ಕಾನಿನ ಹಳ್ಳದಲ್ಲಿ ಬಿಸಿಲು ಬೀಳದುದರಿಂದ ನೀರೊಳಗೆ ಬೆಳೆಯುವುದು ಕಡಿಮೆ; ಅಲ್ಲಿಯ ಜೀವಗಳ ಅನ್ನ ಹೆಚ್ಚಾಗಿ ಮೇಲಿನಿಂದ ಬೀಳಬೇಕು. ತರಗೆಲೆ ಬಿದ್ದು ಕೊಳೆತು, ಅದನ್ನು ಹುಳುಗಳ ಮರಿಗಳು ತಿಂದು, ಆ ಹುಳುಗಳನ್ನು ಮೀನು ತಿನ್ನುತ್ತದೆ. ನೇರಳೆ, ಅತ್ತಿಯ ಹಣ್ಣು ಬಿದ್ದರೆ ದೊಡ್ಡ ಮೀನುಗಳಿಗೆ ಹಬ್ಬ. ನೂರು ಜಾತಿಯ ಮರದ ಬದಲು ಒಂದೇ ಜಾತಿಯ ಸಿಲ್ವರ್ ಓಕನ್ನೋ ಅಕೇಶಿಯವನ್ನೋ ನಿಲ್ಲಿಸಿದರೆ ದೂರದಿಂದ ಹಸಿರಾಗಿ ಕಾಣುತ್ತದೆ, ನಿಜ. ಹಳ್ಳದ ಹೊಟ್ಟೆಗೆ ಅದು ಹತ್ತು ಬಗೆಯ ಊಟ ತೆಗೆದು ಒಂದೇ ಗಂಜಿ ಬಡಿಸಿದಂತೆ.

ಎಲ್ಲಕ್ಕಿಂತ ಕೇಡಿನದು ಮಣ್ಣು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಸೀಮೆ ನಮ್ಮದು. ಬೇರಿನ ಹಿಡಿತ ತಪ್ಪಿದ ಇಳಿಜಾರಿನಿಂದ ಮಣ್ಣು ನೀರಿನೊಂದಿಗೆ ಇಳಿದು ಕಲ್ಲುಗಳ ಸಂದಿಯಲ್ಲಿ ಗಾರೆ ಮೆತ್ತಿದಂತೆ ಕೂರುತ್ತದೆ. ಬಿಳಿಮೀನು ಮೊಟ್ಟೆಯಿಡುವುದು ಜಲ್ಲಿಗಲ್ಲಿನ ನಡುವೆ. ಆ ಸಂದಿಗಳಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆ ಉಸಿರಾಡುತ್ತದೆ. ಕಲ್ಲುಮೀನು ಹೆರೆದು ತಿನ್ನುವ ಪಾಚಿಯೂ ಮಣ್ಣಿನಡಿ ಹೂತುಹೋಗುತ್ತದೆ. ಶೃಂಗೇರಿಯಲ್ಲಿ ದೊಡ್ಡ ಮೀನಿಗೆ ಪುರಿ ಹಾಕಿ ಕೈಮುಗಿಯುವ ನಾವು, ಅದರ ತೊಟ್ಟಿಲು ಮೇಲಿನ ಹಳ್ಳಗಳಲ್ಲಿದೆಯೆಂಬುದನ್ನು ಮರೆಯುತ್ತೇವೆ.

ಇದೆಲ್ಲ ನನ್ನ ಊಹೆಯೆಂದು ಯಾರೂ ತಿಳಿಯಬಾರದು. ಶರಾವತಿಯ ಮೇಲುಹಳ್ಳಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷಗಟ್ಟಲೆ ಜಾಲಾಡಿ, 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಸುತ್ತ ನಿತ್ಯಹರಿದ್ವರ್ಣದ ಕಾಡು ಇದ್ದ ಹಳ್ಳಗಳಲ್ಲಿ, ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಮೀನುಗಳು ಹೆಚ್ಚು. ಕಾಡು ಹೋದಂತೆಲ್ಲ ಅವು ಕಡಿಮೆ. ನಾಗೋಡಿಯ ಹೆಸರಿನಲ್ಲೊಂದು, ಶರಾವತಿಯ ಹೆಸರಿನಲ್ಲೊಂದು, ಹೀಗೆ ಮರಳಿನಲ್ಲಿ ಹುದುಗುವ ಜಾತಿಯ ಎರಡು ಹೊಸ ಮೀನುಗಳಿಗೆ 2006ರಲ್ಲಿ ನಾಮಕರಣವಾದದ್ದೂ ಅವರ ಈ ಹುಡುಕಾಟದಿಂದಲೇ. ಎಲೆ ಉದುರದ ಕಾಡಿಗೂ ನೀರೊಳಗಿನ ಮೀನಿಗೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಲು 1849ರಿಂದ ಒಂದೂವರೆ ಶತಮಾನ ಬೇಕಾಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ನೆರಳು ಹೋದ ಹಳ್ಳ ಮೀನಿಲ್ಲದೆ ಬರಿದಾಗುತ್ತದೆ ಎಂದೇನಿಲ್ಲ. ಬೆಚ್ಚಗಿನ, ಕೆಸರಿನ ನೀರನ್ನು ತಾಳುವ ಜಾತಿಗಳು ಬಂದು ಸೇರುತ್ತವೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕದ ತಿಲಾಪಿಯ, ಸೊಳ್ಳೆಗೆಂದು ಬಿಟ್ಟ ಗಪ್ಪಿ ಮೊದಲಾದುವು. ತಲೆ ಎಣಿಸಿದರೆ ಮೀನು ಉಂಟು. ಆದ್ದರಿಂದಲೇ, “ಹಳ್ಳದಲ್ಲಿ ಮೀನಿಲ್ಲ ಅಂತ ಯಾರು ಹೇಳಿದ್ದು?” ಎಂದು ವಾದಿಸುವವರ ಬಾಯಿ ಮುಚ್ಚಿಸುವುದು ಕಷ್ಟ.

ದೊಡ್ಡ ಗಾಯಗಳು ಎಲ್ಲರಿಗೂ ಕಾಣುತ್ತವೆ. ಭದ್ರೆಯ ನೆತ್ತಿಯ ಮೇಲೆ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 1980ರ ಸುಮಾರಿನಿಂದ ನಡೆದು, ನದಿಗೆ ಇಳಿಯುವ ಹೂಳಿನ ಬಗ್ಗೆ ಜನ ಕೂಗೆಬ್ಬಿಸಿ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಅದರ ಕತೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ನಾನು ಹೊಸದಾಗಿ ಹೇಳುವುದಿಲ್ಲ. ಆ ಚಳವಳಿಯ ಸಭೆಗಳಿಗೆ ನಾನೂ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆಯನ್ನೂ ತಟ್ಟಿದ್ದೆ. ಹಾಗೆ ತಟ್ಟಿದ ಕೈಗಳು ಅದಕ್ಕೆ ಕೆಲವೇ ವರ್ಷ ಹಿಂದೆ ಮಾಡಿದ್ದನ್ನು ಈಗ ಹೇಳಬೇಕು.

1994ರ ಮಧ್ಯದಲ್ಲಿ ಬ್ರೆಜಿಲ್ ದೇಶದಲ್ಲಿ ಎರಡು ಸಲ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡಗಳು ಸುಟ್ಟುಹೋದುವು. ಲೋಕದ ಪೇಟೆಯಲ್ಲಿ ಬೆಲೆ ಒಮ್ಮೆಗೇ ಮೇಲೇರಿತು. ಅದೇ ಹೊತ್ತಿಗೆ ಇಲ್ಲಿ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟು ಸಡಿಲವಾಗುತ್ತ ಬಂದು, 1996ಕ್ಕೆ ಪೂರ್ತಿ ಬಿಚ್ಚಿಹೋಯಿತು. ನಮ್ಮ ಕಡೆ ಎರಡೆಕರೆ ಇದ್ದವನು ಐದೆಕರೆ ಮಾಡಿದನು. ಹಕ್ಕಲು, ಹಾಡ್ಯ, ಹಳ್ಳದ ದಂಡೆ ಒಂದನ್ನೂ ಬಿಡಲಿಲ್ಲ. ಅಜ್ಜಯ್ಯ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಕಾಲೇಜು ಓದಿದವನು, ಚೌಡಿಗೆ ಹೆದರುವವನಲ್ಲ. 1995ರ ಬೇಸಿಗೆಯಲ್ಲಿ ಆಳು ಹಾಕಿ ಎರಡು ದಂಡೆಯ ಮರಗಳನ್ನೂ ವಾಟೆಮೆಳೆಯನ್ನೂ ತೆಗೆಸಿ ನೀರಿನ ಅಂಚಿನವರೆಗೆ ರೊಬಸ್ಟಾ ಹಾಕಿಸಿದೆ. ನೆರಳಿಗೆಂದು ಸಾಲಾಗಿ ಸಿಲ್ವರ್ ಓಕ್. ಮತ್ತಿಮರದ ಬುಡಕ್ಕೆ ಕೊಡಲಿ ಇಡುವ ಮುಂಚೆ ಹಿರಿಯ ಆಳು ನಿಂತು, “ಅಯ್ಯಾ, ಇದೊಂದು ಇರ್ಲಿ” ಎಂದನು. ನಾನು ನಕ್ಕೆ. ಒಂದು ಹಣ್ಣುಕಾಯಿ ಮಾಡಿಸಿ ಕಡಿಸಿದೆ.

ಮೂರು ಮಳೆಗಾಲದಲ್ಲಿ ಗುಂಡಿಗಳು ಮಣ್ಣಿನಿಂದ ತುಂಬಿದುವು. ಫೆಬ್ರವರಿ ಮಾರ್ಚ್ ತಿಂಗಳಲ್ಲಿ ರೊಬಸ್ಟಾಗೆ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು. ಹಳ್ಳ ಅತ್ಯಂತ ಸಣಕಲಾಗುವುದೂ ಆಗಲೇ. ಪಂಪು ಹಾಕಿ ಎಳೆದೆ. ಡಿಸೆಂಬರಿನಿಂದ ಮುಂದೆ ಹಣ್ಣು ಪಲ್ಪರಿಗೆ ಹಾಕಿದಾಗ ಬರುವ ಲೋಳೆನೀರನ್ನು ಎಲ್ಲರಂತೆ ನಾನೂ ಕೆಳಗೆ ಬಿಟ್ಟೆ. ಆ ನೀರಿನ ಸಿಹಿ ಕೊಳೆಯುವಾಗ ಹಳ್ಳದ ಪ್ರಾಣವಾಯುವನ್ನೆಲ್ಲ ಕುಡಿದುಬಿಡುತ್ತದೆಯೆಂದು ಆಗ ನನಗೆ ಗೊತ್ತಿರಲಿಲ್ಲವೆಂದು ಹೇಳಬಹುದು. ಆದರೆ ಒಂದು ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಕಲ್ಲುಮೀನುಗಳನ್ನು ನೋಡಿದ ಮೇಲೂ ಎರಡು ವರ್ಷ ಹಾಗೆಯೇ ಬಿಟ್ಟೆ. ಇಂಗುಗುಂಡಿ ತೋಡಿಸಲು ಆಳಿನ ಖರ್ಚು ಹೆಚ್ಚೆಂಬುದು ನನ್ನ ನೆಪ. ಇದರಲ್ಲಿ ಯಾವುದಕ್ಕೂ ವಿಷ ಬೇಕಾಗಲಿಲ್ಲ, ಸಿಡಿಮದ್ದು ಬೇಕಾಗಲಿಲ್ಲ. 1897ರ ಆ ಕಾಯಿದೆ ಹಿಡಿದು ಬಂದ ಯಾವ ಅಮಲ್ದಾರನೂ ನನ್ನ ಮೇಲೆ ಬೆರಳು ಮಾಡುವಂತಿರಲಿಲ್ಲ. ಅದೇ ಕೂಣಿ ಒಡ್ಡಿದ ಅಜ್ಜಯ್ಯನನ್ನು ಥಾಮಸ್ ದೊರೆ ಕಂಡಿದ್ದರೆ ಗದರದೆ ಬಿಡುತ್ತಿರಲಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆನೆ? ಅರ್ಧ ಹೇಳಿದೆ. ಉಳಿದರ್ಧವನ್ನು ಇಲ್ಲಿ ಬರೆದಿದ್ದೇನೆ.

ಎಂಟು ವರ್ಷಗಳಿಂದ ದಂಡೆಯ ಎರಡು ಸಾಲು ಕಾಫಿಯನ್ನು ಕಿತ್ತು ಕಳೆ ತೆಗೆಯದೆ ಬಿಟ್ಟಿದ್ದೇನೆ. ವಾಟೆ ತಾನೇ ಚಿಗುರಿ ಈಗ ಆಳೆತ್ತರಕ್ಕಿಂತ ಮೇಲಿದೆ. ನೇರಳೆ ಹಕ್ಕಿಗಳ ಕೃಪೆಯಿಂದ ಬಂದಿದೆ. ಹೊಳೆಮತ್ತಿ ಮಾತ್ರ ನೆಟ್ಟದ್ದು. ಇನ್ನೂ ತೋಳಿನಷ್ಟು ದಪ್ಪ. ಪಲ್ಪರಿನ ನೀರಿಗೆ ಮೂರು ಗುಂಡಿ ತೋಡಿಸಿದ್ದೇನೆ. ಮೇಲಿನ ತೋಟದವರು ಇನ್ನೂ ತೋಡಿಸಿಲ್ಲ, ಅವರಿಗೆ ಹೇಳಲು ಹೋದರೆ, “ನೀವು ಅಷ್ಟು ವರ್ಷ ಬಿಡ್ಲಿಲ್ವಾ ಗೌಡ್ರೆ?” ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಳೆದ ಮೃಗಶಿರೆಯಲ್ಲಿ ಮೊದಲ ಕೆನ್ನೀರು ಬಂದ ಸಂಜೆ, ಮೊಮ್ಮಗಳ ಹಟಕ್ಕೆ ಆ ಕೂಣಿಯನ್ನು ನೆನೆಹಾಕಿ ಮೆದುಮಾಡಿ, ಸಡಿಲವಾದ ಎರಡು ಕಡ್ಡಿ ಬಿಗಿದು, ಅಜ್ಜಯ್ಯ ಒಡ್ಡುತ್ತಿದ್ದ ಇರುಕಿನಲ್ಲಿಯೇ ಒಡ್ಡಿದೆವು. ರಾತ್ರಿ ಅವಳು ಮೂರು ಸಲ ಎದ್ದು ಮಳೆ ನಿಂತಿತೆ ಎಂದು ಕೇಳಿದಳು. ಬೆಳಗ್ಗೆ ಎತ್ತಿದಾಗ ಒಳಗೆ ಒಂದು ಏಡಿ, ಕೊಳೆತ ಎಲೆ ಒಂದು ಬೊಗಸೆ, ಎರಡು ಕಲ್ಲುಮೀನು. ಬೇಸಿಗೆಯೆಲ್ಲ ಎಲ್ಲಿ ಅಡಗಿದ್ದುವೋ! ಒಂದರ ತುಟಿಯ ಬಿಲ್ಲೆ ನನ್ನ ಅಂಗೈಗೆ ಅಂಟಿಕೊಂಡು ಬಿಡಲೊಲ್ಲದು. ಅವಳೇ ಕೈಯನ್ನು ನೀರಿಗೆ ಅದ್ದಿಸಿ ಬಿಡಿಸಿದಳು.